ಒಂದು ಚಮಚ ಹುಗ್ಗಿ

ಐವತ್ತೆರಡರ ವಯಸ್ಸಿನಲ್ಲಿ ನನಗೆ ಸೀಲಿಯಾಕ್ ಕಾಯಿಲೆಯೆಂದು ತಿಳಿಯಿತು. ಗೋಧಿ, ಬಾರ್ಲಿಗಳ ಗ್ಲುಟೆನ್ ಹೊಟ್ಟೆಗೆ ಹೋದರೆ ದೇಹ ತನ್ನ ಸಣ್ಣ ಕರುಳನ್ನೇ ಹಾಳುಮಾಡಿಕೊಳ್ಳುತ್ತದೆ. ಜೀವನಪೂರ್ತಿ ಪಥ್ಯವೇ ಮದ್ದು. ವರ್ಷಗಟ್ಟಲೆ ಕಬ್ಬಿಣದ ಗುಳಿಗೆ ನುಂಗಿದರೂ ಬಿಡದ ರಕ್ತಹೀನತೆಯ ಮರ್ಮ ಆಗ ತಿಳಿಯಿತು.

ಜೋಳದ ರೊಟ್ಟಿಯ ಧಾರವಾಡದಲ್ಲಿ ಇದೇನು ಮಹಾ ಎಂದುಕೊಂಡೆ. ಆದರೆ ಅಂಗಡಿಯ ಇಂಗಿನಲ್ಲೂ ಗೋಧಿಹಿಟ್ಟು ಬೆರೆತಿರುವುದುಂಟು!

ಜಾತ್ರೆಗೆ ತವರಿಗೆ ಹೋದಾಗ ಅವ್ವ ಗೋಧಿಹುಗ್ಗಿ ಬಡಿಸಲು ಬಂದಳು. "ಒಂದು ಚಮಚಾ ತಿಂದ್ರ ಏನಾಗ್ತದವಾ?"

ಒಲ್ಲೆನೆಂದೆ. ಅವಳ ಕೈಯಡುಗೆಯನ್ನು ನಿರಾಕರಿಸಿದ್ದು ಅದೇ ಮೊದಲು. ಮಾತಿಲ್ಲದೆ ಒಳಗೆ ಹೋದಳು.

ಮರುದಿನ ಹೊಸ ಪಾತ್ರೆಯಲ್ಲಿ ನವಣೆಯ ಹುಗ್ಗಿ ಕುದಿಯುತ್ತಿತ್ತು. "ಸವಟೂ ಬ್ಯಾರೇನ ಇಟ್ಟೇನಿ, ಉಣ್ಣು" ಎಂದಳು.

ಶಾಲೆಯಲ್ಲಿ ಊಟ ಬಿಡುವ ಮಕ್ಕಳನ್ನು ಗದರಿಸುತ್ತಿದ್ದ ನಾನು, ಈಗ ಮೊದಲು ಕಾರಣ ಕೇಳುತ್ತೇನೆ.