ಒಡೆಯುವುದು ಬೇರೆ, ಕರಗುವುದು ಬೇರೆ

ಎರಡು ವರ್ಷದ ಮಗುವಿಗೆ ಮದ್ದು ಕುಡಿಸುವುದೆಂದರೆ ಸಣ್ಣ ಯುದ್ಧವೇ. ಒಬ್ಬರು ಕೈಕಾಲು ಹಿಡಿಯಬೇಕು, ಇನ್ನೊಬ್ಬರು ಬಾಯಿಗೆ ಹಾಕಬೇಕು. ಮಗು ಅದನ್ನು ನಮ್ಮ ಅಂಗಿಗೇ ವಾಪಸ್ ಉಗುಳುತ್ತದೆ! ದೊಡ್ಡವರ ಮಾತ್ರೆಯನ್ನು ಮುರಿದು, ಎರಡು ಚಮಚದ ನಡುವೆ ಪುಡಿ ಮಾಡಿ, ಬಾಳೆಹಣ್ಣಿನೊಳಗೆ ಅಡಗಿಸಿ ಕೊಡುವ ವಿದ್ಯೆ ನಮ್ಮ ಕಡೆ ಯಾವ ಮನೆಯಲ್ಲಿ ಗೊತ್ತಿಲ್ಲ ಹೇಳಿ? ಆದರೆ ಅರ್ಧ ಮುರಿದದ್ದು ನಿಜವಾಗಿ ಅರ್ಧವೇ ಇರುತ್ತದಾ? ಕಾಲು ಭಾಗ ಮಾಡುವಾಗಂತೂ ದೇವರೇ ಗತಿ. ದಿನವಿಡೀ ನಿಧಾನವಾಗಿ ಕೆಲಸ ಮಾಡಬೇಕಾದ ಮಾತ್ರೆಯನ್ನು ಪುಡಿ ಮಾಡಿದರೆ ಅಷ್ಟೂ ಮದ್ದು ಒಮ್ಮೆಲೇ ಮೈಗೆ ಸೇರುವ ಅಪಾಯ ಬೇರೆ.

"ಸಿರಪ್ ಇದೆಯಲ್ಲ ಮಾರಾಯ್ರೆ" ಅಂತೀರಿ. ಇದೆ. ಆದರೆ ಎಷ್ಟೋ ಮದ್ದುಗಳು ನೀರಿನಲ್ಲಿ ಸರಿಯಾಗಿ ಕರಗುವುದೇ ಇಲ್ಲ, ಅವಕ್ಕೆ ಬೇರೆ ದ್ರಾವಕ ಬೇಕು. 1937ರಲ್ಲಿ ಅಮೆರಿಕದಲ್ಲಿ ಸಲ್ಫಾನಿಲಮೈಡನ್ನು ಕರಗಿಸಲು ಡೈಎಥಿಲೀನ್ ಗ್ಲೈಕಾಲ್ ಬಳಸಿದ್ದರು. ಮಕ್ಕಳೂ ಸೇರಿ ನೂರಕ್ಕೂ ಹೆಚ್ಚು ಜನ ಸತ್ತರು. ಅದೇ ವಿಷ ಕೆಮ್ಮಿನ ಸಿರಪ್ಪಿನೊಳಗೆ ಸೇರಿಕೊಂಡು 2022ರಲ್ಲಿ ಗ್ಯಾಂಬಿಯಾದಲ್ಲಿ, 2025ರಲ್ಲಿ ನಮ್ಮದೇ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಪುಟ್ಟ ಮಕ್ಕಳ ಜೀವ ತೆಗೆಯಿತು. ಸಿರಪ್ಪೆಲ್ಲ ಕೆಟ್ಟದ್ದು ಅಂತಲ್ಲ. ಆದರೆ ಒಣ ಮಾತ್ರೆಗೆ ಇಂಥ ದ್ರಾವಕದ ಹಂಗೇ ಇಲ್ಲ.

2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 'ಮಕ್ಕಳ ಅಳತೆಗೇ ಮದ್ದು ಮಾಡಿ' ಎಂಬ ಆಂದೋಲನ ಶುರು ಮಾಡಿತು. ಆಮೇಲೆ ಮಿನಿ ಮಾತ್ರೆಗಳ ಮೇಲೆ ಎಲ್ಲರ ಕಣ್ಣು ಬಿತ್ತು. ಬರೀ 2 ಮಿಲಿಮೀಟರ್ ಅಗಲ, ಹೆಚ್ಚುಕಡಿಮೆ ಸಾಸಿವೆ ಕಾಳಿನಷ್ಟು. ಮಗುವಿನ ತೂಕ ನೋಡಿ ಎಣಿಸಿ ಕೊಡಬಹುದು. ಜರ್ಮನಿಯವರು ಆರು ತಿಂಗಳಿಂದ ಆರು ವರ್ಷದೊಳಗಿನ 306 ಮಕ್ಕಳಿಗೆ ಕೊಟ್ಟು ನೋಡಿ 2013ರಲ್ಲಿ ಪ್ರಕಟಿಸಿದರು: ಮಕ್ಕಳು ಸಿರಪ್ಪಿಗಿಂತ ಇದನ್ನೇ ಚೆನ್ನಾಗಿ ನುಂಗಿದ್ದವು!

ಅಂಥ ಮಾತ್ರೆ ಬಾಯಲ್ಲೇ ಒಡೆಯುವಂತೆ ಮಾಡುವುದು ಈಗ ಕಷ್ಟವಲ್ಲ. ಕ್ರಾಸ್‌ಪೊವಿಡೋನ್‌ನಂಥ ವಸ್ತು ಸ್ವಲ್ಪ ಸೇರಿಸಿದರೆ ಅದು ಎಂಜಲು ಹೀರಿಕೊಂಡು ಮಾತ್ರೆಯನ್ನು ಅರ್ಧ ನಿಮಿಷದಲ್ಲಿ ಬಿಡಿಸಿಬಿಡುತ್ತದೆ. ಆದರೆ ನಿಜವಾದ ಕಷ್ಟ ಇಲ್ಲಿಂದ ಶುರು. ಕಾಪು ಬೀಚಿನಲ್ಲಿ ಮಕ್ಕಳು ಮಾಡಿದ ಮರಳಿನ ಉಂಡೆ ಅಲೆ ತಾಗಿದ ಕೂಡಲೇ ಒಡೆಯುತ್ತದೆ. ಮರಳು ಕರಗಿತಾ? ಇಲ್ಲ. ಮದ್ದೂ ಹಾಗೇ, ಕರಗದೆ ರಕ್ತಕ್ಕೆ ಸೇರುವುದಿಲ್ಲ. ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ.

ಹಾಗಾದರೆ ಕರಗಿಸುವುದು ಹೇಗೆ? ಒಂದು ದಾರಿ ನಮ್ಮ ಅಜ್ಜಿಯರಿಗೂ ಗೊತ್ತಿತ್ತು. ಬಜೆಯನ್ನು ತುಂಡು ಮಾಡಿ ಕೊಡುತ್ತಿರಲಿಲ್ಲ, ಕಲ್ಲಿಗೆ ತೇಯುತ್ತಿದ್ದರು. ಕಣ ಸಣ್ಣದಾದಷ್ಟೂ ನೀರು ತಾಗುವ ಜಾಗ ಹೆಚ್ಚು. ಒಂದು ಮಿಲಿಮೀಟರಿನ ಕಣವನ್ನು ಅದರ ನೂರನೇ ಒಂದರಷ್ಟು ಸಣ್ಣ ಕಣಗಳಾಗಿ ಮಾಡಿದರೆ ಆ ಜಾಗ ನೂರು ಪಟ್ಟು ಆಗುತ್ತದೆ. ಎರಡನೆಯದು, ನೀರಿನಲ್ಲಿ ಬೇಗ ಕರಗುವ ವಸ್ತುವಿನೊಳಗೆ ಮದ್ದನ್ನು ಹರಳುಗಟ್ಟದಂತೆ ಹರಡಿ ಹಿಡಿದಿಡುವುದು. ಮೂರನೆಯದು, ಪಿಷ್ಟದಿಂದ ಮಾಡುವ ಸೈಕ್ಲೊಡೆಕ್ಸ್‌ಟ್ರಿನ್ ಎಂಬ ಬಳೆಯಂಥ ಅಣುವಿನೊಳಗೆ ಮದ್ದನ್ನು ಕೂರಿಸುವುದು.

ಇಲ್ಲೊಂದು ತಮಾಷೆ ಇದೆ. ಬಾಯಲ್ಲಿ ಹೆಚ್ಚು ಕರಗಿದಷ್ಟೂ ನಾಲಗೆಗೆ ಕಹಿ ಹೆಚ್ಚು! ಮಗು ಉಗುಳಿದರೆ ಎಲ್ಲ ಶ್ರಮ ನೀರಿಗೆ. ಸೈಕ್ಲೊಡೆಕ್ಸ್‌ಟ್ರಿನ್ ಎಷ್ಟೋ ಸಲ ಆ ಕಹಿಯನ್ನೂ ಮುಚ್ಚುತ್ತದೆ ಅನ್ನುವುದೇ ಸಮಾಧಾನ. ಇನ್ನು ನಮ್ಮೂರಿನ ಮಳೆಗಾಲ. ಎಂಜಲು ಹೀರುವ ಮಾತ್ರೆ ಗಾಳಿಯ ತೇವವನ್ನು ಬಿಟ್ಟೀತೇ? ಡಬ್ಬಿ ಮುಚ್ಚದ ಹಪ್ಪಳದಂತೆ ಆಗುತ್ತದೆ. ಅದಕ್ಕೇ ಇಂಥ ಮಾತ್ರೆಯನ್ನು ಕೊಡುವ ಹೊತ್ತಿಗಷ್ಟೇ ಸ್ಟ್ರಿಪ್ಪಿನಿಂದ ತೆಗೆಯಬೇಕು.

ಒಡೆಯುವುದಕ್ಕೂ ಕರಗುವುದಕ್ಕೂ ಇರುವ ಅಂತರಕ್ಕೆ ಮಲೇರಿಯಾ ಮದ್ದೇ ಸಾಕ್ಷಿ. ಆರ್ಟೆಮೀಥರ್-ಲ್ಯುಮಿಫ್ಯಾಂಟ್ರಿನ್ ಜೋಡಿಯನ್ನು ನೀರಲ್ಲಿ ಕದಡಿ ಕೊಡುವ, ಚೆರಿ ರುಚಿಯ ಮಕ್ಕಳ ಮಾತ್ರೆಯಾಗಿ 2009ರಲ್ಲಿ ತಂದರು. ಮಾತ್ರೆ ನೀರಲ್ಲಿ ಬೇಗ ಒಡೆಯುತ್ತದೆ. ಆದರೂ ಲ್ಯುಮಿಫ್ಯಾಂಟ್ರಿನ್ ಮೈಗೆ ಹತ್ತಬೇಕಾದರೆ ಕೊಬ್ಬು ಬೇಕು. ಹಾಗಾಗಿ ಎದೆಹಾಲು, ಹಾಲು ಅಥವಾ ಊಟದ ಜೊತೆಗೇ ಕೊಡಿ ಅನ್ನುತ್ತಾರೆ. ಜ್ವರದಲ್ಲಿ ಏನನ್ನೂ ತಿನ್ನದ ಮಗುವಿಗೆ? ಈ ಪ್ರಶ್ನೆಗಾಗಿಯೇ ಮದ್ದು ಮಾಡುವವರು ತಲೆ ಕೆಡಿಸಿಕೊಳ್ಳಬೇಕು. ಮಣಿಪಾಲದಲ್ಲಿ 1963ರಿಂದ ಫಾರ್ಮಸಿ ಕಲಿಸುತ್ತಿದ್ದಾರೆ. ಇಲ್ಲಿ ಕಲಿಯುವ ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಬೇಕಾ?

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಇಷ್ಟು. ಮಾತ್ರೆ ಮುರಿಯುವ ಮೊದಲು ಡಾಕ್ಟರ ಹತ್ತಿರವೋ ಮೆಡಿಕಲ್ ಶಾಪಿನವರ ಹತ್ತಿರವೋ ಕೇಳಿ: "ಇದರಲ್ಲಿ ಡಿ.ಟಿ. ಉಂಟಾ?" ನೀರಲ್ಲಿ ಕದಡಿ ಕೊಡುವ ಮಾತ್ರೆಯ ಹೆಸರಿನ ಪಕ್ಕ ಆ ಎರಡಕ್ಷರ ಇರುತ್ತದೆ. ಎಲ್ಲ ಮದ್ದಿನಲ್ಲೂ ಸಿಗಲಿಕ್ಕಿಲ್ಲ. ಆದರೆ ಕೇಳುವವರು ಹೆಚ್ಚಿದರೆ ಮಾಡುವವರೂ ಹೆಚ್ಚುತ್ತಾರೆ, ಅಲ್ವಾ?