ಸೀತಾಳೆ ದಂಡೆ

ಏಪ್ರಿಲ್‌ನ ಗುವಾಹಟಿ. ಬಿಹು ಕುಣಿಯುವ ಹುಡುಗಿಯರ ಮುಡಿಯಲ್ಲಿ ಆ ಹೂವನ್ನು ಕಂಡವನು ನಿಂತೇಬಿಟ್ಟೆ. ಅಲ್ಲಿ ಅದು ಕೊಪೌ ಫುಲ್, ಅಸ್ಸಾಮಿನ ರಾಜ್ಯಪುಷ್ಪ. ನಮ್ಮ ತೀರ್ಥಹಳ್ಳಿ ಕಡೆ ಸೀತಾಳೆ ದಂಡೆ. ವನವಾಸದಲ್ಲಿ ಸೀತೆ ಮುಡಿದಿದ್ದಳಂತೆ. ಊರಲ್ಲಿ ಅರಳುವುದು ಮಳೆ ಹಿಡಿಯುವ ಹೊತ್ತಿಗೆ. ನರಿಯ ಬಾಲದ ಹಾಗೆ ಜೋತುಬಿದ್ದ ಬಿಳಿ–ನೇರಳೆ ಗೊಂಚಲು, ಎರಡು ಮೂರು ವಾರ, ಆಮೇಲೆ ಇಲ್ಲ. (ಕುಣಿಯುವವರಲ್ಲಿ ಕೆಲವರು ಮುಡಿದದ್ದು ಪ್ಲಾಸ್ಟಿಕ್ಕಿನದು. ಅದು ಬಾಡುವುದಿಲ್ಲ, ನಿಜ.)

ಫೋಟೊ ತೆಗೆದು ಅಕ್ಕನಿಗೆ ಕಳಿಸಲು ಹೋದವನು ಸ್ವಲ್ಪ ಹೊತ್ತು ಸುಮ್ಮನಾದೆ.

ಅಂಗಳದಾಚೆಯ ಹಲಸಿನ ಮರದಲ್ಲಿ ಅದು ಇತ್ತು. ಚಿಕ್ಕವರಿದ್ದಾಗ ನಾನು ಏಣಿ ಹಿಡಿಯುತ್ತಿದ್ದೆ, ಅಕ್ಕ ಹತ್ತಿ ಒಂದೇ ಒಂದು ದಂಡೆ ಕೀಳುತ್ತಿದ್ದಳು. ಉಳಿದದ್ದು ಮರಕ್ಕೇ. ಅಪ್ಪ ಹೋದ ಮೇಲೆ ಮನೆಗೆ ಮಾಡು ಹೊದಿಸಲು ದುಡ್ಡು ಬೇಕಾಯಿತು, ಮರ ಕೊಟ್ಟೆ. ಅವಳನ್ನು ಕೇಳಲಿಲ್ಲ. ತೋಟದ ಪಾಲು ಬಿಟ್ಟು ಸಹಿ ಹಾಕುವಾಗ ಒಂದು ಮಾತೂ ಆಡದಿದ್ದವಳು ಮರದ ವಿಷಯಕ್ಕೆ ಎರಡು ತಿಂಗಳು ಮಾತು ಬಿಟ್ಟಳು. "ಕೊಡಬೇಡ ಅಂತಿರ್ಲಿಲ್ಲ ಕಣೋ. ಒಂದು ಮಾತು ಹೇಳಬಹುದಿತ್ತು" ಎಂದಳು, ಕೊನೆಗೆ.

ಮರ ಉರುಳಿದ ದಿನ ಬಾವನ ಜೊತೆ ಬಂದು ಗಿಡ ಬಿಡಿಸಿಕೊಂಡು ಹೋಗಿದ್ದಳೆಂದು ನನಗೆ ಆಮೇಲೆ ಗೊತ್ತಾಯಿತು. ತನ್ನ ಮನೆಯ ಮಾವಿನ ಮರಕ್ಕೆ ಬಾಳೆಪಟ್ಟೆಯಲ್ಲಿ ಕಟ್ಟಿದ್ದಳು. ಊರವರು ಬಂದಳಿಕೆ ಎನ್ನುತ್ತಾರೆ, ಅದು ತಪ್ಪು. ಬಂದಳಿಕೆ ಮರದ ರಸ ಹೀರುತ್ತದೆ. ಇದಕ್ಕೆ ಬೇರೂರಲು ತೊಗಟೆ ಸಾಕು, ಮಳೆ ಮಂಜಿನ ನೀರು ಕುಡಿದುಕೊಂಡೇ ಇರುತ್ತದೆ. ಆದರೆ ಕಿತ್ತು ಕಟ್ಟಿದ್ದು ಹಿಡಿದುಕೊಳ್ಳಲು ಕಾಲ ಬೇಕು. ಮೂರು ಮಳೆಗಾಲ ಬರೀ ಎಲೆ.

ಫೋಟೊ ಕಳಿಸಿದೆ. ಉತ್ತರ ತಕ್ಷಣ ಬಂತು: "ನಮ್ಮದು ಈ ಸಲ ಬಿಡಬಹುದು. ಬಾ."

ಪ್ರಬಂಧದ ಅಧ್ಯಾಯವೊಂದನ್ನು ಗೈಡ್ ಮೂರನೇ ಸಲ ತಿದ್ದಲು ಹೇಳಿದ್ದರಿಂದ ಹೊರಡುವಾಗ ಜೂನ್ ಮುಗಿದಿತ್ತು. ಅಕ್ಕ ಕೊಡೆ ಹಿಡಿದು ಮಾವಿನ ಮರದ ಹತ್ತಿರ ಕರೆದುಕೊಂಡು ಹೋದಳು. ಒಣಗಿದ ಒಂದು ತೊಟ್ಟು, ಬುಡದಲ್ಲಿ ಕೊಳೆತ ಎಸಳು.

"ಹತ್ತು ದಿನ ಮುಂಚೆ ಬರಬೇಕಿತ್ತು ನೀನು."

"ಒಂದೇ ದಂಡೆನಾ?"

"ಒಂದೇ. ಕೀಳಲಿಲ್ಲ."

ಹಲಸಿನ ಮರದ ಮಾತು ಇಬ್ಬರೂ ಎತ್ತಲಿಲ್ಲ. ಬಾಳೆಪಟ್ಟೆ ಲಡ್ಡಾಗಿತ್ತು; ಅವಳು ಬಿಚ್ಚು ಎಂದಳು. ಬಿಚ್ಚಿದೆ. ಬೇರು ತೊಗಟೆಯನ್ನು ಹಿಡಿದುಕೊಂಡಿತ್ತು. ಒಳಗಿನಿಂದ ಬಾವ ಕಾಫಿಗೆ ಕರೆದರು.