ರುಜುವಿನ ಲೋಭ

1913ರಲ್ಲಿ ಪ್ಯಾರಿಸಿನ ರಂಗವೇರಿದ ಸ್ಟ್ರಾವಿನ್‌ಸ್ಕಿಯ ‘ವಸಂತಾರಾಧನೆ’ಯಂಥ ನೃತ್ಯನಾಟಕಗಳ ಸ್ವರಲಿಪಿಗಳು, ಕರ್ತೃವಿನ ರುಜುವಿದ್ದರೆ, ಸಂಗ್ರಾಹಕರಿಗೆ ನಿಧಿಗಳೇ ಸರಿ. ಲಕ್ಕುಂಡಿಯ ಈ ಬಡ ಉಪಾಧ್ಯಾಯನಲ್ಲಿಯೂ ಅಂಥದೊಂದು ನಿಧಿಯಿದ್ದಿತು: ನನ್ನ ಸಂಗೀತಗುರುಗಳು ನಾಟಕದ ಪದಗಳಿಗೆ ಸ್ವರಪ್ರಸ್ತಾರವನ್ನು ಬರೆದು, ರುಜು ಹಾಕಿ ಅನುಗ್ರಹಿಸಿದ ವಹಿ. ಶಿಷ್ಯನೊಬ್ಬನು ಪ್ರತಿಮಾಡಿಕೊಳ್ಳಲು ಬೇಡಿದಾಗ, ರುಜು ಮಾಸೀತೆಂದು ಕೊಡಲಿಲ್ಲ. ಒಂದು ಮಳೆಗಾಲದಲ್ಲಿ ಮಾಳಿಗೆ ಸೋರಿ ಸ್ವರಗಳೆಲ್ಲ ಅಳಿಸಿಹೋದುವು. ಕೊನೆಯ ಹಾಳೆಯ ರುಜುವೊಂದೇ ಉಳಿಯಿತು.

1007ರಲ್ಲಿ ಇದೇ ಊರಿನಲ್ಲಿ ಬಸದಿಯನ್ನು ಕಟ್ಟಿಸಿದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ದಾನಮಾಡಿದಳು. ಆ ಬಸದಿಯ ಮುಂದೆಯೇ ನಿತ್ಯವೂ ಪಾಠಶಾಲೆಗೆ ನಡೆದ ನನಗೆ ಈ ಪಾಠವು ಹತ್ತಲಿಲ್ಲ.

ಆ ಶಿಷ್ಯನು ಕೇಳಿ ಕಲಿತ ಎರಡು ಪದಗಳನ್ನು ಈಗಲೂ ಹಾಡುತ್ತಾನೆ. ಅವನೆದುರು ಕುಳಿತು ನಾನೇ ಬರೆದುಕೊಳ್ಳುತ್ತಿದ್ದೇನೆ.